ಹೊಸ ಲೈಬ್ರರಿಗೆ ಹಳೆ ಹೆಸರಿಟ್ಟರೆ ನಡೆಯುತ್ತದೆಯೇ?

ಲಿನಕ್ಸ್ ಅಪ್‌ಡೇಟ್ ಮುಗಿದ ಮೇಲೆ, ನಿನ್ನೆಯವರೆಗೆ ಸರಿಯಿದ್ದ ಪ್ರೋಗ್ರಾಂ ತೆರೆಯುವುದೇ ಇಲ್ಲ. ಟರ್ಮಿನಲ್‌ನಲ್ಲಿ ನೋಡಿದರೆ ‘ಲಿಬ್‌ಐಸಿಯುಯುಸಿ.ಎಸ್‌ಒ.72’ ಎಂಬ ಕಡತ ಸಿಗುತ್ತಿಲ್ಲ ಎಂಬ ದೂರು. ಈ ಕಡತ ಸೇರಿರುವ ಐಸಿಯು, ಯೂನಿಕೋಡ್ ಪಠ್ಯಕ್ಕೆಂದೇ ಇರುವ ಲೈಬ್ರರಿ. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಸಾಲನ್ನು ಎಲ್ಲಿ ಮುರಿಯಬೇಕೆಂದು ಹೇಳುವುದು ಅದರ ಕೆಲಸಗಳಲ್ಲಿ ಕೆಲವು. ಲಿಬ್ರೆಆಫೀಸ್, ಪೋಸ್ಟ್‌ಗ್ರೆಸ್‌ನಂಥ ಹಲವು ತಂತ್ರಾಂಶಗಳು ಅದನ್ನು ಹಂಚಿಕೊಂಡು ಬಳಸುತ್ತವೆ. 2023ರ ಏಪ್ರಿಲ್‌ನಲ್ಲಿ ಅದರ 73ನೇ ಆವೃತ್ತಿ ಬಂತು. ಹಳೆಯ ಕಡತ ಅಳಿದ ಕಂಪ್ಯೂಟರುಗಳಲ್ಲಿ, 72ಕ್ಕೆ ಲಿಂಕ್ ಆಗಿದ್ದ ಪ್ರೋಗ್ರಾಂಗಳಿಗೆ ಆಧಾರವೇ ತಪ್ಪಿತು.

“ಹೊಸ ಕಡತಕ್ಕೆ ಹಳೆ ಹೆಸರಿನ ಸಿಮ್‌ಲಿಂಕ್ ಕೊಟ್ಟರೆ ಆಯಿತು.”

ಎಲ್ಲರ ಬಾಯಲ್ಲೂ ಇರುವ ಸಲಹೆ ಇದು, ಅಪಾಯಕಾರಿಯೂ ಹೌದು. ಹೆಸರಿನ ಕೊನೆಯ ಆ ಅಂಕಿ ಲೈಬ್ರರಿ ಬರೆದವರು ಕೊಟ್ಟ ಮಾತು: ಈ ಅಂಕಿ ಇರುವವರೆಗೆ ಫಂಕ್ಷನ್‌ಗಳ ಹೆಸರು, ಅವು ಕೇಳುವ ಮಾಹಿತಿ, ಸ್ಟ್ರಕ್ಚರ್‌ಗಳ ಅಳತೆ ಯಾವುದನ್ನೂ ಹಳೆಯ ಪ್ರೋಗ್ರಾಂ ಕೆಡುವಂತೆ ಬದಲಿಸುವುದಿಲ್ಲ. ಅಂಕಿ ಬದಲಾದರೆ ಆ ಭರವಸೆ ಮುಗಿಯಿತು. ಐಸಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫಂಕ್ಷನ್‌ಗಳ ಹೆಸರಿಗೇ ಅಂಕಿ ಅಂಟಿಸುತ್ತದೆ: ‘ಯು_ಸ್ಟ್ರ್‌ಲೆನ್_72’. ಸಿಮ್‌ಲಿಂಕ್ ಹಾಕಿದರೆ ಕಡತ ಸಿಗುತ್ತದೆ, ಅದರೊಳಗೆ ಫಂಕ್ಷನ್ ಸಿಗುವುದಿಲ್ಲ. ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಒಳ್ಳೆಯದೇ. ಇಂಥ ಕಾವಲು ಇಲ್ಲದ ಲೈಬ್ರರಿಯಾದರೆ ಪ್ರೋಗ್ರಾಂ ತೆರೆದು, ಓಡಿ, ಒಂದು ಮಾಹಿತಿಯ ಜಾಗದಲ್ಲಿ ಇನ್ನೊಂದನ್ನು ಓದಿ, ನಿಮ್ಮ ಕಡತವನ್ನು ಸದ್ದಿಲ್ಲದೆ ಕೆಡಿಸಬಹುದು. ಸರಿಯಾದ ದಾರಿ, ಸೋರ್ಸ್ ಕೋಡ್‌ನಿಂದ ಹೊಸ ಲೈಬ್ರರಿಯ ಮೇಲೆ ಮತ್ತೆ ಬಿಲ್ಡ್ ಮಾಡುವುದು.

“ಎಲ್‌ಡಿಡಿಯಲ್ಲಿ ದೋಷ ಕಂಡದ್ದನ್ನೆಲ್ಲ ಮತ್ತೆ ಬಿಲ್ಡ್ ಮಾಡಬೇಕು.”

ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಎಲ್‌ಡಿಡಿ ಪರೋಕ್ಷ ಅವಲಂಬನೆಗಳನ್ನೂ ತೋರಿಸುತ್ತದೆ. ನಿಮ್ಮ ಪ್ರೋಗ್ರಾಂ ಬೂಸ್ಟ್ ಲೈಬ್ರರಿಯನ್ನು ಬಳಸಿ, ಬೂಸ್ಟ್ ಐಸಿಯುವನ್ನು ಬಳಸಿದರೆ, ದೂರು ನಿಮ್ಮ ಪ್ರೋಗ್ರಾಂನಲ್ಲಿ ಕಾಣುತ್ತದೆ, ಬಿಲ್ಡ್ ಆಗಬೇಕಾದದ್ದು ಬೂಸ್ಟ್. ನೇರ ಅವಲಂಬನೆ ಮಾತ್ರ ಬೇಕಿದ್ದರೆ ರೀಡೆಲ್ಫ್ ತೋರಿಸುವ ‘ನೀಡೆಡ್’ ಸಾಲುಗಳನ್ನು ನೋಡಿ. ಓಡುವಾಗ ಲೋಡ್ ಆಗುವ ಪ್ಲಗಿನ್‌ಗಳು ಮುಖ್ಯ ಪ್ರೋಗ್ರಾಂನ ಎಲ್‌ಡಿಡಿಯಲ್ಲಿ ಬರುವುದಿಲ್ಲ. ಅವುಗಳ ಫೋಲ್ಡರನ್ನು ಬೇರೆಯಾಗಿ ಹುಡುಕಬೇಕು. ಗೊತ್ತುಗುರಿಯಿಲ್ಲದ ಕಡತದ ಮೇಲಂತೂ ಎಲ್‌ಡಿಡಿ ಬಳಸಲೇಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಕಡತವನ್ನೇ ಓಡಿಸಿಬಿಡಬಹುದು.

ಜೆಂಟೂದಲ್ಲಿ ಈ ಹುಡುಕಾಟಕ್ಕೆ ‘ರೆವ್‌ಡೆಪ್-ರೀಬಿಲ್ಡ್’ ಇದೆ. ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರೇ ಈ ಕೆಲಸ ಮಾಡಿ ಕೊಡುತ್ತಾರೆ. ನೀವೇ ಬಿಲ್ಡ್ ಮಾಡಿ ಇಟ್ಟುಕೊಂಡದ್ದು ಮಾತ್ರ ನಿಮ್ಮ ಹೊಣೆ.

“ಲೈಬ್ರರಿ ಹೊಸದಾದಾಗಲೆಲ್ಲ ಮರುಬಿಲ್ಡ್ ಬೇಕು.”

ಬೇಡ. ಲಿನಕ್ಸ್‌ನ ಮೂಲ ಸಿ ಲೈಬ್ರರಿ ಗ್ಲಿಬ್‌ಸಿ 1997ರಿಂದಲೂ ‘ಲಿಬ್‌ಸಿ.ಎಸ್‌ಒ.6’ ಆಗಿಯೇ ಉಳಿದಿದೆ. ಅಂಕಿ ಬದಲಾಗದಿದ್ದರೆ ಮರುಬಿಲ್ಡ್ ಬೇಕಿಲ್ಲ.

“ಸರಿಪಡಿಸಿದ ಲೈಬ್ರರಿ ಡಿಸ್ಕ್‌ಗೆ ಬಂತು, ಇನ್ನು ಭಯವಿಲ್ಲ.”

2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷಕ್ಕೆ ಪರಿಹಾರ ಬಂತು. ಆದರೆ ಅದಾಗಲೇ ಓಡುತ್ತಿದ್ದ ವೆಬ್ ಸರ್ವರ್‌ನ ಮೆಮೊರಿಯಲ್ಲಿ ಇದ್ದದ್ದು ಹಳೆಯ ಲೈಬ್ರರಿಯೇ. ರೀಸ್ಟಾರ್ಟ್ ಮಾಡುವವರೆಗೂ ದೋಷ ಜೀವಂತ. ಸ್ಟಾಟಿಕ್ ಆಗಿ ಲಿಂಕ್ ಆದ ಪ್ರೋಗ್ರಾಂಗೆ ರೀಸ್ಟಾರ್ಟ್ ಕೂಡ ಸಾಲದು, ಅದನ್ನು ಹೊಸದಾಗಿ ಬಿಲ್ಡ್ ಮಾಡಲೇಬೇಕು.

“ಬಿಲ್ಡ್ ಆಯಿತು, ಕೆಲಸ ಮುಗಿಯಿತು.”

ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡ ಹೆಸರುಗಳ ಪಟ್ಟಿಗೆ ಐಸಿಯು ಕ್ರಮದಲ್ಲಿ ಇಂಡೆಕ್ಸ್ ಮಾಡಿದ್ದೀರಿ ಎನ್ನೋಣ. ಹೊಸ ಐಸಿಯು ಬಂದಾಗ ಜೋಡಣೆಯ ನಿಯಮ ಸ್ವಲ್ಪ ಬದಲಾಗಿದ್ದರೂ ಡಿಸ್ಕ್‌ನಲ್ಲಿರುವ ಇಂಡೆಕ್ಸ್ ಹಳೆಯ ಕ್ರಮದಲ್ಲೇ ಇರುತ್ತದೆ. ಪಟ್ಟಿಯಲ್ಲಿರುವ ಹೆಸರನ್ನೇ ಹುಡುಕಿದರೂ ‘ಇಲ್ಲ’ ಎಂಬ ಉತ್ತರ ಬರಬಹುದು. ಕೊಲೇಷನ್ ಆವೃತ್ತಿ ಹೊಂದುತ್ತಿಲ್ಲ ಎಂದು ಪೋಸ್ಟ್‌ಗ್ರೆಸ್ ಎಚ್ಚರಿಸಿದರೆ ಮೊದಲು ರೀಇಂಡೆಕ್ಸ್ ಮಾಡಿ, ಆಮೇಲೆ ಆವೃತ್ತಿಯ ದಾಖಲೆ ತಿದ್ದಿ. ಮೊದಲೇ ದಾಖಲೆ ತಿದ್ದಿದರೆ ಎಚ್ಚರಿಕೆ ಮಾಯವಾಗುತ್ತದೆ, ಇಂಡೆಕ್ಸ್ ಮಾತ್ರ ಹಾಗೆಯೇ ಉಳಿಯುತ್ತದೆ.