ಶಾಸನೋಕ್ತ ವಾರಗಳ ಗಣಕ ಪರಿಶೀಲನೆ: ಒಂದು ದೋಷದ ಮೂಲ

ಶಾಸನಗಳ ಕಾಲನಿರ್ಣಯದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳಷ್ಟೇ ವಾರವೂ ಮುಖ್ಯವಾದ ಆಧಾರ. ತಿಥಿಗೆ ವಾರ ಹೊಂದದಿದ್ದಾಗ ಉಲ್ಲೇಖಿತವಾದುದು ಗತವರ್ಷವೋ ವರ್ತಮಾನವರ್ಷವೋ ಎಂದು ಮೊದಲು ವಿಚಾರಿಸಿ, ಅಲ್ಲಿಯೂ ಹೊಂದದಿದ್ದರೆ ಲಿಪಿಕಾರನ ಪ್ರಮಾದವನ್ನೋ ಕೂಟಶಾಸನದ ಸಾಧ್ಯತೆಯನ್ನೋ ಊಹಿಸುವುದು ವಾಡಿಕೆ. ಶಂಕರ ಬಾಲಕೃಷ್ಣ ದೀಕ್ಷಿತ ಮತ್ತು ರಾಬರ್ಟ್ ಸೆವೆಲ್ 1896ರಲ್ಲಿ ಪ್ರಕಟಿಸಿದ 'ದಿ ಇಂಡಿಯನ್ ಕ್ಯಾಲೆಂಡರ್'ನಂತಹ ಕೋಷ್ಟಕಗಳ ನೆರವಿನಿಂದ ನಡೆಯುತ್ತಿದ್ದ ಈ ಪರಿಶೀಲನೆಯನ್ನು ಇಂದು ಪೈಥಾನ್‌ನಂತಹ ಸ್ಕ್ರಿಪ್ಟ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಮುಗಿಸಬಹುದು. ಆದರೆ ದೋಷವು ಶಾಸನದಲ್ಲಿರದೆ ಆ ನಾಲ್ಕು ಸಾಲುಗಳಲ್ಲಿಯೇ ಇರುವ ಸಂಭವವುಂಟು.

ಗ್ರೆಗೋರಿಯನ್ ಪಂಚಾಂಗವು ಜಾರಿಗೆ ಬಂದುದು 1582ರಲ್ಲಿ. ಆ ವರ್ಷ ಅಕ್ಟೋಬರ್ 4ರ ಗುರುವಾರದ ಮರುದಿನವನ್ನು 15ರ ಶುಕ್ರವಾರವೆಂದು ಎಣಿಸಲಾಯಿತು. ಅದಕ್ಕೆ ಹಿಂದಿನ ಘಟನೆಗಳಿಗೆ ಇತಿಹಾಸಕಾರರು ಕೊಡುವುದು ಜೂಲಿಯನ್ ದಿನಾಂಕಗಳನ್ನು. ಪೈಥಾನ್‌ನ 'ಡೇಟ್‌ಟೈಮ್' ವಿಭಾಗವಾದರೋ ಗ್ರೆಗೋರಿಯನ್ ನಿಯಮವನ್ನೇ ಕ್ರಿ.ಶ. 1ರವರೆಗೆ ಹಿಂದಕ್ಕೆ ಎಳೆದೊಯ್ಯುತ್ತದೆ. ರಕ್ಕಸಗಿ-ತಂಗಡಗಿ ಕದನದ ದಿನಾಂಕವಾದ 1565ರ ಜನವರಿ 23 ಮಂಗಳವಾರ. ಪೈಥಾನ್ ಅದನ್ನು ಶನಿವಾರವೆನ್ನುತ್ತದೆ. ಆ ಶತಮಾನದಲ್ಲಿ ಎರಡು ಗಣನೆಗಳ ನಡುವಿನ ಅಂತರ 10 ದಿನ.

ಈ ಅಂತರ ಎಲ್ಲ ಕಾಲಕ್ಕೂ ಒಂದೇ ಅಲ್ಲವೆಂಬುದರಲ್ಲಿಯೇ ನಿಜವಾದ ಅಪಾಯವಿದೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಗೆ ಸಾಮಾನ್ಯವಾಗಿ ಒಪ್ಪಿರುವ ದಿನಾಂಕ 1117ರ ಮಾರ್ಚ್ 10. ಜೂಲಿಯನ್ ಗಣನೆಯಲ್ಲಿ ಅದು ಶನಿವಾರ. ಪೈಥಾನ್ ಕೊಡುವ ಉತ್ತರವೂ ಶನಿವಾರವೇ. ಕಾರಣವಿಷ್ಟೆ: 1100ರ ಮಾರ್ಚ್‌ನಿಂದ 1300ರ ಫೆಬ್ರವರಿಯವರೆಗೆ ಅಂತರವು ಸರಿಯಾಗಿ 7 ದಿನ, ಅಂದರೆ ಒಂದು ಪೂರ್ಣ ವಾರ. ಆದ್ದರಿಂದ ಹೊಯ್ಸಳರ ಏಳುಬೀಳಿನ ಬಹುಭಾಗಕ್ಕೆ ಸೇರಿದ ದಿನಾಂಕಗಳಲ್ಲಿ ಎಷ್ಟೇ ಪರೀಕ್ಷೆ ನಡೆಸಿದರೂ ಕ್ರಮವಿಧಿಯ ದೋಷ ಹೊರಬೀಳದು. ಅದನ್ನು ನಂಬಿ ಹತ್ತನೆಯ ಶತಮಾನದ ರಾಷ್ಟ್ರಕೂಟ ಶಾಸನಗಳಿಗೆ ಅನ್ವಯಿಸಿದರೆ, ಅಲ್ಲಿ ಅಂತರ 5 ದಿನವಾದುದರಿಂದ, ನಿರ್ದುಷ್ಟವಾದ ಶಾಸನವೂ ಶಂಕಾಸ್ಪದವಾಗಿ ತೋರುತ್ತದೆ. ವಿಜಯನಗರದ ಶಾಸನಗಳ ಗತಿಯೂ ಇದೇ.

ಶತಮಾನಕ್ಕೆ ತಕ್ಕಂತೆ ದಿನಗಳನ್ನು ಕೂಡಿಸಿ ಸರಿಪಡಿಸುವ ಉಪಾಯ ಸುಲಭವಾಗಿ ತೋರಿದರೂ ಪೂರ್ಣವಲ್ಲ. ಜೂಲಿಯನ್ ಗಣನೆಯಲ್ಲಿ 1100 ಅಧಿಕವರ್ಷ. ಅದರ ಫೆಬ್ರವರಿ 29ನ್ನು ಕೊಟ್ಟರೆ ಪೈಥಾನ್ ಅಂತಹ ದಿನವೇ ಇಲ್ಲವೆಂದು ನಿರಾಕರಿಸುತ್ತದೆ. ದಿನಾಂಕವನ್ನು ಮೊದಲು ಜೂಲಿಯನ್ ದಿನಸಂಖ್ಯೆಗೆ, ಎಂದರೆ ನಮ್ಮ ಸಿದ್ಧಾಂತಗ್ರಂಥಗಳ ಅಹರ್ಗಣದಂತಹ ಅಖಂಡ ಎಣಿಕೆಗೆ, ಪರಿವರ್ತಿಸುವುದೇ ಭದ್ರವಾದ ಮಾರ್ಗ. ಆ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಶೇಷ 0 ಬಂದರೆ ಸೋಮವಾರ, 1 ಬಂದರೆ ಮಂಗಳವಾರ. ಮೇಲಿನ ಕದನದ ದಿನಸಂಖ್ಯೆ 2292697, ಶೇಷ 1. ಪಿಎಚ್‌ಪಿ ಭಾಷೆಯಲ್ಲಿ ಜೂಲಿಯನ್ ಮತ್ತು ಗ್ರೆಗೋರಿಯನ್ ದಿನಾಂಕಗಳಿಗೆ ಪ್ರತ್ಯೇಕ ಪರಿವರ್ತನ ಸೌಲಭ್ಯಗಳೇ ಇವೆ. ಜಾವಾಸ್ಕ್ರಿಪ್ಟ್‌ನಲ್ಲಿ ಪೈಥಾನ್‌ನ ದೋಷವಿರುವುದಲ್ಲದೆ ತಿಂಗಳ ಎಣಿಕೆಯೂ ಸೊನ್ನೆಯಿಂದ ಆರಂಭವಾಗುವುದರಿಂದ, ಜನವರಿಗೆಂದು 1 ಬರೆದವರಿಗೆ ಫೆಬ್ರವರಿ ದೊರೆಯುತ್ತದೆ.

ಗಣಕದ ಆಧಾರದಿಂದ ವಾರ ಹೊಂದುವುದಿಲ್ಲವೆಂದು ಬರೆಯುವವರು ಯಾವ ಪಂಚಾಂಗವನ್ನು ಅನುಸರಿಸಿ ಎಣಿಸಿದರೆಂಬುದನ್ನು ಅಲ್ಲಿಯೇ ನಮೂದಿಸುವುದು ಅಗತ್ಯ. ಹಾಗೆ ನಮೂದಿಸದೆ 1100ಕ್ಕೆ ಹಿಂದಿನ ಅಥವಾ 1300ಕ್ಕೆ ಈಚಿನ ಶಾಸನವೊಂದನ್ನು ಕೂಟವೆಂದು ಕರೆದಿದ್ದರೆ ಆ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕಾಗುತ್ತದೆ.