ಸರ್ಕಾರದ ವಕೀಲರು ಯಾರು?

ರಾಯಲ್ಪಾಡಿನ ಜಮೀನು ತಕರಾರಿಗೆ ಶ್ರೀನಿವಾಸಪುರದಲ್ಲಿ ಕೋರ್ಟಿದೆ, ವಕೀಲರಿದ್ದಾರೆ. ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ಸರ್ಕಾರದ ಮೇಲೇ ಕೇಸು ಬಿದ್ದರೆ?

ಅದರ ಪರ ನಿಲ್ಲುವ ಹಿರಿಯ ವಕೀಲರೇ ಅಟಾರ್ನಿ ಜನರಲ್.

ಸಂವಿಧಾನದ 76ನೇ ವಿಧಿಯಡಿ ರಾಷ್ಟ್ರಪತಿ ಇವರನ್ನು ನೇಮಿಸುತ್ತಾರೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ದೇಶದ ಯಾವ ಕೋರ್ಟಿನಲ್ಲೂ ವಾದಿಸಬಹುದು. ಸಂಸತ್ತಿನಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ.

2017ರಲ್ಲಿ ಏನಾಯಿತು ನೋಡಿ. ಆಧಾರ್‌ನಿಂದ ಖಾಸಗಿತನಕ್ಕೆ ಧಕ್ಕೆ ಎಂದು ಪ್ರಶ್ನಿಸಿ ಕೋರ್ಟಿಗೆ ಹೋಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೇಂದ್ರದ ಪರ ವಾದಿಸಿದವರು ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕಾನೂನು ಓದಿದ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್.

ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದ ತೀರ್ಪು ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಅದು ಮೂಲಭೂತ ಹಕ್ಕಲ್ಲ ಎಂಬ ಸರ್ಕಾರದ ವಾದ ಬಿದ್ದುಹೋಯಿತು. ವೇಣುಗೋಪಾಲ್ ಮಾತ್ರ 2022ರವರೆಗೂ ಅದೇ ಹುದ್ದೆಯಲ್ಲಿದ್ದರು.