ಮಿಬುವಿನ ಹೂನಾಟಿ

ಜಪಾನೆಂದರೆ ಯಂತ್ರಗಳ ನಾಡೆಂದೇ ನಮ್ಮಲ್ಲಿ ರೂಢಿಯ ಮಾತು. ಆ ದೇಶದ ಹಿರೋಶಿಮಾ ಪ್ರಾಂತದಲ್ಲಿ, ಕಿತಾಹಿರೋಶಿಮಾ ಪಟ್ಟಣಕ್ಕೆ ಸೇರಿದ ಮಿಬು ಎಂಬ ಊರಿದೆ. ಪ್ರತಿವರ್ಷ ಜೂನ್ ತಿಂಗಳ ಮೊದಲ ಭಾನುವಾರ ಅಲ್ಲಿಯ ಜನ ಗದ್ದೆಯ ಕೆಸರಿನಲ್ಲಿಯೇ ಹಬ್ಬ ಆಚರಿಸುತ್ತಾರೆ. ಅದರ ಹೆಸರು ‘ಹನಾ ತಾವುಎ’. ‘ಹನಾ’ ಎಂದರೆ ಹೂವು, ‘ತಾವುಎ’ ಎಂದರೆ ನಾಟಿ. ಹೂನಾಟಿ ಎಂದು ಕರೆದರೆ ತಪ್ಪಾಗಲಾರದು.

ಈ ಹಬ್ಬದ ಬೇರು ಹಳೆಯ ಕೂಡುದುಡಿಮೆಯಲ್ಲಿದೆ. ನೇಜಿ ಬಲಿಯುವ ಮೊದಲು, ಗದ್ದೆಯಲ್ಲಿ ನೀರಿರುವಾಗಲೇ ನಾಟಿ ಮುಗಿಯಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಈ ಏರ್ಪಾಡನ್ನು ಜಪಾನೀಯರು ‘ಯುಯಿ’ ಎನ್ನುತ್ತಾರೆ. ನಮ್ಮ ‘ಮುಯ್ಯಿ’ಯೂ ಅದೇ. (ಶಬ್ದಗಳ ಹೋಲಿಕೆ ಆಕಸ್ಮಿಕ; ಅದರಿಂದ ನಂಟಸ್ತಿಕೆ ಹೊಸೆಯುವ ಸಾಹಸ ನನಗೆ ಬೇಡ.)

ಮೊದಲು ಕಸೂತಿಯ ಜೀನು, ಕೊರಳ ಆಭರಣಗಳಿಂದ ಸಿಂಗರಿಸಿದ ದನಗಳು ಸಾಲಾಗಿ ಗದ್ದೆಗಿಳಿದು ಕೆಸರು ಕಲಸುತ್ತವೆ. ಹಿರಿಯನೊಬ್ಬನು ‘ಎಬುರಿ’ ಎಂಬ ಹಲಗೆಯಿಂದ ಮಣ್ಣನ್ನು ಸಮಮಾಡುತ್ತಾನೆ. ಬಣ್ಣದ ಉಡುಪು, ಅಗಲವಾದ ಟೋಪಿ ಧರಿಸಿದ ಹೆಣ್ಣುಮಕ್ಕಳು ಸಾಲುಗಟ್ಟಿ ಬಾಗಿ, ನೇಜಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಇವರಿಗೆ ‘ಸಾಒತೋಮೆ’ ಎಂದು ಹೆಸರು. ಅವರ ಬೆನ್ನ ಹಿಂದೆ ಗಂಡಸರ ಡೋಲು, ಕೊಳಲು. ಇವರೆಲ್ಲರ ನಾಯಕ ‘ಸಂಬಾಯ್’. ಗದ್ದೆಯ ದೇವರಿಗೂ ಇದೇ ಹೆಸರು. ಸೀಳಿದ ಬಿದಿರ ಕೋಲುಗಳಿಂದ ತಾಳ ಹಾಕುತ್ತ ಆತನು ‘ತಾಯಿಹಾಡು’ ಎತ್ತಿಕೊಂಡರೆ ಹೆಂಗಸರು ‘ಮರಿಹಾಡಿ’ನಿಂದ ಮರುನುಡಿಯುತ್ತಾರೆ. ಮುಂಜಾನೆಗೆ, ಮಧ್ಯಾಹ್ನಕ್ಕೆ, ಸಂಜೆಗೆ ಬೇರೆ ಬೇರೆ ಹಾಡುಗಳು. ಈ ಹಾಡುಗಳು ಬರಿಯ ಮನರಂಜನೆಗಾಗಿ ಹುಟ್ಟಿದವಲ್ಲ. ಹತ್ತಾರು ಕೈಗಳು ಒಂದೇ ವೇಗದಲ್ಲಿ ಚಲಿಸದಿದ್ದರೆ ಸಾಲು ಕೆಡುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಉಳುವ ಯಂತ್ರ, ನೆಡುವ ಯಂತ್ರಗಳು ಬಂದವು. ಕೂಡುದುಡಿಮೆಯ ಅಗತ್ಯ ತೀರಿತು. ಆದರೂ ಊರವರು ಇದನ್ನು ಕೈಬಿಡಲಿಲ್ಲ. ಜಪಾನ್ ಸರಕಾರ 1976ರಲ್ಲಿ ಇದನ್ನು ರಾಷ್ಟ್ರದ ಜಾನಪದ ಸಂಪತ್ತೆಂದು ಸಾರಿತು. 2011ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿತು. ಮನ್ನಣೆಗಿಂತ ನನ್ನನ್ನು ಸೆಳೆದದ್ದು ಬೇರೊಂದು ಸಂಗತಿ: ಅವರು ಹಾಡನ್ನು ವೇದಿಕೆಗೇರಿಸಿ ಉಳಿಸಲಿಲ್ಲ, ಗದ್ದೆ, ದನ, ಕೆಸರು, ನೇಜಿಗಳ ಸಹಿತ ಉಳಿಸಿಕೊಂಡರು.

ಕಾಸರಗೋಡಿನ ಈ ಕನ್ನಡ ಶಾಲೆಯಲ್ಲಿ ನಾನು ಓದುತ್ತಿದ್ದಾಗ, ಏಣೇಲಿನ ನಾಟಿ ತೊಡಗಿತೆಂದರೆ ತರಗತಿಯ ಅರ್ಧ ಬೆಂಚುಗಳು ಬರಿದಾಗುತ್ತಿದ್ದವು. ಕಿಟಿಕಿಯಾಚೆಯಿಂದ, ಮಳೆಯ ಸದ್ದಿನ ನಡುವೆ, ತುಳುವಿನ ಓಬೇಲೆ ಕೇಳಿಸುತ್ತಿತ್ತು. ಮುಂದೆ ಇಲ್ಲಿಯೇ ಅಧ್ಯಾಪಕನಾದ ಮೇಲೆ ಆ ಹಾಡುಗಳನ್ನು ಬರೆದಿಡಬೇಕೆಂದು ನೆರೆಮನೆಯ ವೃದ್ಧೆಯೊಬ್ಬರ ಬಳಿಗೆ ಹೋದೆ. ಎರಡು ಸಾಲು ಹೇಳಿ ಅವರು ತಡೆದರು. “ಜಗಲಿಯಲ್ಲಿ ಕೂತರೆ ಬರುವುದಿಲ್ಲ ಮಾಷ್ಟ್ರೇ, ಕೈಯಲ್ಲಿ ನೇಜಿ ಬೇಕು” ಎಂದರು. ಅವರ ಅಂಗಳದ ಕೆಳಗಿನ ಗದ್ದೆ ಆಗಲೇ ಅಡಿಕೆ ತೋಟವಾಗಿತ್ತು. ಆ ಎರಡು ಸಾಲುಗಳು ಮಾತ್ರ ನನ್ನ ಪುಸ್ತಕದಲ್ಲಿವೆ.